ಸಾವಾದ ಮನೆಯ ಪೆಸಹಾ

ನಿರ್ಮಲ ಯಾರ ಮಾತಿಗೂ ಜಗ್ಗುವ ಹೆಂಗಸಲ್ಲ. ಕಾಸರಗೋಡಿನ ಕನ್ನಡ ಮಾತಾಡುವ ಕ್ರೈಸ್ತರ ಮನೆಯಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನರ್ಸಿಂಗ್ ಕಲಿತು, ಅಲ್ಲಿಯೇ ಕುರಿಯಾಕೋಸ್ ಎಂಬ ಮಲಯಾಳಿಯನ್ನು ಮೆಚ್ಚಿ ಮದುವೆಯಾದಳು. ಅತ್ತೆಮನೆಯ ಹಬ್ಬ, ಮೀನು ಸಾರು, ಮುನಿಸು ಎಲ್ಲವನ್ನೂ ಕಲಿತಳು. ಬಗ್ಗುವುದನ್ನು ಮಾತ್ರ ಕಲಿಯಲಿಲ್ಲ. ಕಳೆದ ಮಳೆಗಾಲದಲ್ಲಿ ಗಂಡ ತೀರಿಕೊಂಡ ಮೇಲೆ ಕೊಚ್ಚಿಯ ಕಳಮಶ್ಶೇರಿಯ ಮನೆಯಲ್ಲಿ ಒಬ್ಬಳೇ ಇದ್ದಳು.

ಆ ಮನೆಗೆ ನಿಶ್ಮಿತಾ ಬಂದದ್ದು ಕ್ರಿಸ್‌ಮಸ್ ಹೊತ್ತಿಗೆ. ಪುತ್ತೂರಿನ ಹುಡುಗಿ, ಇಲ್ಲಿ ಕಾಲೇಜು. ಡ್ರಗ್ಸ್ ಚಟ ಹತ್ತಿ ಹಾಸ್ಟೆಲಿನಿಂದ ಹೊರಬಿದ್ದಿದ್ದಳು. ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು, ಮನೆಗೆ ಸೇರಿಸಿಕೊಳ್ಳಿ ಎಂದು ತಂದೆಯನ್ನು ಫೋನಿನಲ್ಲಿ ಬೇಡಿಕೊಳ್ಳುತ್ತಿದ್ದಳು. ಆ ಕನ್ನಡ ಕಿವಿಗೆ ಬಿದ್ದದ್ದೇ ನಿರ್ಮಲ ಅವಳ ಕೈ ಹಿಡಿದು ಎಬ್ಬಿಸಿ ಕರೆತಂದಳು. ವಾಂತಿ ತೊಳೆದಳು, ಡಾಕ್ಟರ ಬಳಿಗೆ ಎಳೆದೊಯ್ದಳು. ಹುಡುಗಿ ಚೇತರಿಸಿಕೊಂಡವಳು ಮತ್ತೆ ಜಾರಿದಳು. ಈ ಸಲ ಕುರಿಯಾಕೋಸ್ ಕಟ್ಟಿದ ತಾಳಿಯನ್ನೇ ಕದ್ದು ಮಾರಿದಳು. ನಿರ್ಮಲ ಅವಳ ಕೆನ್ನೆಗೆ ಬಾರಿಸಿದಳು. ಅತ್ತಳು. ಆಮೇಲೆ ಗಂಜಿ ಬಡಿಸಿದಳು. ಇವಳಿಗೆ ತಲೆ ಕೆಟ್ಟಿದೆ ಎಂದರು ಚರ್ಚಿನವರು. ಅನ್ನಲಿ, ಅನ್ನುವವರ ಬಾಯಿ ಅವರದು.

ಪೆಸಹಾ ಗುರುವಾರ ಬಂತು. ಯೇಸುವಿನ ಕೊನೆಯ ಊಟದ ನೆನಪಿಗೆ ಮನೆಯ ಹಿರಿಯರು ಹುಳಿ ಬರಿಸದ ಅಪ್ಪಂ ಎಂಬ ರೊಟ್ಟಿಯನ್ನು ಮುರಿದು ಎಲ್ಲರಿಗೂ ಹಂಚುವ ಸಂಜೆ ಅದು. ಸಾವಾದ ಮನೆಯಲ್ಲಿ ಆ ವರ್ಷ ಅದನ್ನು ಬೇಯಿಸುವಂತಿಲ್ಲ, ನೆಂಟರೇ ತಂದುಕೊಡಬೇಕು. ಗಂಡನ ಅಣ್ಣ ವರ್ಕಿ ತಿರುವನಂತಪುರದಿಂದ ಅಪ್ಪಂ ತಂದರು. ಮೇಜಿನ ಬಳಿ ನಿಶ್ಮಿತಾಳನ್ನು ಕಂಡದ್ದೇ ಮುಖ ಗಂಟಿಕ್ಕಿದರು.

“ನನ್ನ ತಮ್ಮ ಕಟ್ಟಿದ ತಾಳಿ ಮಾರಿದವಳು ಈ ಮೇಜಿಗೆ ಕೂರಬಾರದು, ನಿರ್ಮಲೇ. ಅವಳಿದ್ದರೆ ನಮ್ಮವರು ಯಾರೂ ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ.”

ಗಂಡ ಹೋದ ಮೇಲೆ ತನ್ನವರೆಂದು ನಿರ್ಮಲಳಿಗೆ ಉಳಿದದ್ದು ಇವರೇ.

ಹುಡುಗಿ ಎದ್ದಳು. “ನಾನು ಹೋಗ್ತೇನೆ ಆಂಟಿ.”

“ಕೂತ್ಕೊ. ಎದ್ರೆ ಕಾಲು ಮುರಿತೇನೆ,” ಎಂದು ಕನ್ನಡದಲ್ಲಿ ಗದರಿದ ನಿರ್ಮಲ, ಭಾವನ ಕಡೆ ತಿರುಗಿ ಮಲಯಾಳದಲ್ಲಿ ಹೇಳಿದಳು: “ಅಚ್ಚಾಯಾ, ಆ ರಾತ್ರಿ ಯೇಸುವಿನ ಜೊತೆ ಊಟಕ್ಕೆ ಕೂತವರಲ್ಲಿ ಯೂದನೂ ಇದ್ದ. ತಮ್ಮನ್ನೇ ಶತ್ರುಗಳಿಗೆ ಹಿಡಿದುಕೊಡುತ್ತಾನೆಂದು ಗೊತ್ತಿದ್ದೂ ಯೇಸು ಅವನಿಗೆ ತುತ್ತು ಕೊಟ್ಟರು. ನೀವು ಯಾರ ಹೆಸರಿನಲ್ಲಿ ಅಪ್ಪಂ ಮುರಿಯಲು ಬಂದಿರಿ?”

ವರ್ಕಿ ಅಪ್ಪಂ ಮುಟ್ಟಲಿಲ್ಲ. ಅದನ್ನು ಮುರಿಯುವುದು ಆ ಮನೆತನದಲ್ಲಿ ಗಂಡಸರ ಕೆಲಸ. ಮೊದಲ ತುಂಡು ಹಿರಿಯರದ್ದು. ನಿರ್ಮಲ ತಾನೇ ಮುರಿದಳು. ಮೊದಲ ತುಂಡನ್ನು ನಿಶ್ಮಿತಾಳ ಕೈಗಿಟ್ಟಳು.

“ನಾನು ಪುನಃ ಕದ್ರೆ?”

“ಪುನಃ ಹೊಡಿತೇನೆ. ಪುನಃ ಬಡಿಸ್ತೇನೆ. ಈಗ ತಿನ್ನು ಮಾರಾಯ್ತಿ.”

ಎರಡನೆಯ ತುಂಡನ್ನು ಭಾವನಿಗೆ ಚಾಚಿದಳು. ವರ್ಕಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಕಾರಿನ ಸದ್ದು ಅಡಗುವವರೆಗೂ ನಿರ್ಮಲ ಬಾಗಿಲಲ್ಲಿ ನಿಂತು ಅತ್ತಳು. ಕರೆಯಲಿಲ್ಲ. ಒಳಗೆ ಬಂದು ಆ ತುಂಡನ್ನು ತಟ್ಟೆಯಲ್ಲಿಟ್ಟು ಹುಡುಗಿಯ ಮುಂದೆ ಸರಿಸಿದಳು.

“ಇದು ಅವರದ್ದು, ಮುಚ್ಚಿಡು. ಕದ್ದವಳಿಗೇ ಕೊಟ್ಟಾಯ್ತು, ಸಿಟ್ಟು ಮಾಡಿದವರಿಗೆ ಇಲ್ಲ ಅನ್ಲಿಕ್ಕೆ ಉಂಟಾ?”