ಗಾಲಿಕುರ್ಚಿಗೊಂದು ಮುಯ್ಯಿ

‘ನನ್ ದುಡ್ಡು ವಾಪಸ್ ಕೊಡ್ರಮ್ಮ!’

ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ಫೋನ್ ಬಂತು. ಎತ್ತಿದರೆ ಇದು. ಸಾಸಿವೆ ಸಿಡಿಯುತ್ತಿದೆಯೋ, ಆ ಕಡೆಯ ಮನುಷ್ಯ ಸಿಡಿಯುತ್ತಿದ್ದಾರೋ ಗೊತ್ತಾಗಲಿಲ್ಲ.

‘ಯಾರ್ರೀ ನೀವು? ಯಾವ ದುಡ್ಡು?’

‘ಹುಲಿಕುಂಟೆಯಿಂದ ಕಣಮ್ಮ, ಸಿದ್ದಲಿಂಗಪ್ಪ. ನಿಮ್ ವೆಬ್‌ಸೈಟಿಗೆ ಗಾಲಿಕುರ್ಚಿಗೆ ಅಂತ ದುಡ್ಡು ಹಾಕ್ದೆ. ಎಲ್ಲೂ ನನ್ ಹೆಸ್ರೇ ಇಲ್ಲ. ನಮ್ಮವಳು ನಂಬ್ತಾನೇ ಇಲ್ಲ. ದುಡ್ನ ಯಾರಿಗೆ ಕೊಟ್‌ಬುಟ್ಟೆ ಹೇಳು ಅಂತ ಕುಂತವ್ಳೆ. ಮುದ್ದೆ ಬಂದ್ ಆಗೈತೆ ನಂಗೆ!’

ಈ ಅಂಕಣ ಓದುವವರಿಗೆ ನನ್ನ ವೆಬ್‌ಸೈಟು ಗೊತ್ತು. ಮಧುಗಿರಿಯ ನಮ್ಮ ಅಡುಗೆಮನೆಯ ಬಸ್ಸಾರು, ಹುಣಸೆ ಚಿಗುರಿನ ಚಟ್ನಿ, ಕಡಲೆಕಾಯಿ ಪುಡಿ ಎಲ್ಲ ಅಲ್ಲಿರುತ್ತವೆ. (ಗೊತ್ತಿಲ್ಲದವರು ಇಷ್ಟು ದಿನ ಏನು ಉಣ್ಣುತ್ತಿದ್ದಿರಿ ಸ್ವಾಮಿ?) ಕಳೆದ ತಿಂಗಳು ಅದೇ ಸೈಟಿನಲ್ಲಿ, ಬಸ್ಸಾರಿನ ಪಕ್ಕದಲ್ಲೇ, ಒಂದು ಹಸಿರು ಬಟನ್ ಹಾಕಿಸಿದೆ. ‘ದಾನ ಮಾಡಿ.’

ಯಾರಿಗೆ ದಾನ? ಶಿರಾದ ನಸೀಮಾ ಟೀಚರ್ ಅವರ ಗಾಲಿಕುರ್ಚಿಗಳಿಗೆ. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಅವರು (ಕಲಿತೆ ಅಂತ ನಾನು ಹೇಳುತ್ತಿಲ್ಲ). ರಿಟೈರ್ ಆದ ಮೇಲೆ ಮನೆಯ ಮುಂದಿನ ಕೋಣೆಯನ್ನು ಖಾಲಿ ಮಾಡಿ ಗಾಲಿಕುರ್ಚಿ, ವಾಕರ್, ಊರುಗೋಲು ತುಂಬಿಸಿಕೊಂಡಿದ್ದಾರೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಎಲ್ಲಿ ಯಾರು ಬಿದ್ದು ಕಾಲು ಮುರಿದುಕೊಂಡರೂ ಒಂದು ಫೋನ್ ಸಾಕು. ಬಾಡಿಗೆ ಇಲ್ಲ. ವಾಸಿಯಾದ ಮೇಲೆ ತೊಳೆದು ವಾಪಸ್ ಕೊಡಬೇಕು, ಅಷ್ಟೇ ಕರಾರು.

ಈ ಸಲ ಆ ಕೋಣೆ ಖಾಲಿ ಹೊಡೆಯುತ್ತಿತ್ತು. ಇದ್ದ ಕುರ್ಚಿಗಳೆಲ್ಲ ಮನೆಮನೆ ಸೇರಿದ್ದವು. ಪಾವಗಡದಾಚೆ ತೆಲುಗು ಗಡಿಯ ಹಳ್ಳಿಯೊಂದರಿಂದ ನರಸಮ್ಮ ಎಂಬ ಅಜ್ಜಿಯ ಮಗಳು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಳು. ಅಜ್ಜಿ ಸೊಂಟ ಮುರಿದುಕೊಂಡು ಮಂಚ ಹಿಡಿದಿತ್ತು.

‘ಔಷಧಿ ಬ್ಯಾಡ ಅಂತೈತೆ ಟೀಚರ್. ಆಚೆ ಕರ್ಕೊಂಡೋಗ್ರಿ, ನನ್ ಮೇಕೆ ನೋಡ್ಬೇಕು ಅಂತ ಒಂದೇ ಸಮ ಅಳ್ತೈತೆ.’

ಗೋಡೆಯಾಚೆ ಮೇಕೆ ಕೂಗುವುದು ಕೇಳುತ್ತದೆ, ನೋಡಲಾಗುವುದಿಲ್ಲ. ಟೀಚರ್ ಬಳಿ ಕುರ್ಚಿ ಇಲ್ಲ. ಹೊಸದು ತರಲು ದುಡ್ಡಿಲ್ಲ. ಅದಕ್ಕೇ ಆ ಹಸಿರು ಬಟನ್. ಅದರ ಕೆಳಗೆ ಬಹಳ ಹೆಮ್ಮೆಯಿಂದ, ದಪ್ಪ ಅಕ್ಷರದಲ್ಲಿ ಬರೆದಿದ್ದೆ: ‘ನಿಮ್ಮ ಹೆಸರನ್ನು ಗುಟ್ಟಾಗಿಡುತ್ತೇವೆ.’ ಎಷ್ಟು ಡೀಸೆಂಟು ಅಲ್ಲವೇ?

ಜನ ದಂಡಿಯಾಗಿ ಬಂದರು. ಬಸ್ಸಾರು ನೋಡಿಕೊಂಡು ಹೋದರು. ಬಟನ್ ಒತ್ತಿದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಈಗ ದುಡ್ಡು ವಾಪಸ್ ಕೇಳುತ್ತಿದ್ದಾರೆ! ನಮ್ಮ ಜನಕ್ಕೆ ಕೊಡುವ ಮನಸ್ಸೇ ಇಲ್ಲ ಎಂದು ಗಂಡನ ಮುಂದೆ ಭಾಷಣ ಬಿಗಿದೆ. (ಅವರು ಪೇಪರ್ ಓದುತ್ತಿದ್ದರು. ನನ್ನ ಅಂಕಣವನ್ನಲ್ಲ, ಕ್ರಿಕೆಟ್ ಪುಟವನ್ನು.)

ಆ ಭಾನುವಾರ ಕೊರಟಗೆರೆಯಲ್ಲಿ ನೆಂಟರ ಮದುವೆ. ಧಾರೆ ಮುಗಿದು ಮುಯ್ಯಿ ಶುರುವಾಯಿತು. ನಮ್ಮ ಕಡೆ ಮುಯ್ಯಿ ಎಂದರೆ ಕವರ್ ಕೈಗಿಟ್ಟು, ಫೋಟೋ ತೆಗೆಸಿಕೊಂಡು ಮಾಯವಾಗುವುದಲ್ಲ. ಮೈಕಿನಲ್ಲಿ ಕೂಗಿಸಬೇಕು! ಇಂದು ನಾವು ಹಾಕಿದ ಮುಯ್ಯಿ ನಾಳೆ ನಮ್ಮ ಮನೆಯ ಮದುವೆಗೆ ತಿರುಗಿ ಬರುತ್ತದೆ. ಅದಕ್ಕೆ ಊರೆಲ್ಲ ಸಾಕ್ಷಿ ಬೇಕು. ಮೈಕ್ ಹಿಡಿದವನು ರಂಗಪ್ಪ. ‘ಬುಕ್ಕಾಪಟ್ಟಣದ ಕಾಯಿ ವ್ಯಾಪಾರಿಗಳೂ, ಹೆಣ್ಣಿನ ಸೋದರಮಾವನವರೂ ಆದಂತಹ...’ ಎಂದು ಊರು, ಕಸುಬು, ನೆಂಟಸ್ತನ ಎಲ್ಲ ಸೇರಿಸಿ ಎಳೆಯುತ್ತಿದ್ದ.

ನನ್ನ ಸರದಿ ಬಂತು. ‘ಮಧುಗಿರಿಯವರಾದ, ಪೇಪರಿನಲ್ಲಿ ಬರೆಯುವಂತಹ ಅಕ್ಕನವರಿಂದ ಮುಯ್ಯಿ!’

ಸತ್ಯವಾಗಿ ಹೇಳುತ್ತೇನೆ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಸೆರಗು ಸರಿಮಾಡಿಕೊಂಡೆ. ಯಾರು ಯಾರು ಕೇಳಿಸಿಕೊಂಡರು ಎಂದು ಸುತ್ತ ಕಣ್ಣು ಹಾಯಿಸಿದೆ ಕೂಡ.

ಆಗ ಹುಲಿಕುಂಟೆಯ ಸಿದ್ದಲಿಂಗಪ್ಪ ನೆನಪಾದರು. ಹೆಸರು ಗುಟ್ಟಾಗಿಡುತ್ತೇವೆ ಅಂದಿದ್ದೆನಲ್ಲ, ಯಾರಿಗೆ? ಮೈಕಿಲ್ಲದೆ ಒಂದು ಕುಪ್ಪಸದ ಕಣವನ್ನೂ ಕೊಡದ ನಮ್ಮ ಜನಕ್ಕೆ!

ಮಂಟಪ ಖಾಲಿಯಾಗುತ್ತಿದ್ದಂತೆ ರಂಗಪ್ಪನನ್ನು ಹಿಡಿದೆ. ‘ನನ್ನ ವೆಬ್‌ಸೈಟಿನಲ್ಲಿ ಮುಯ್ಯಿ ಕೂಗ್ತೀಯೇನಪ್ಪ?’

‘ಅಲ್ಲಿ ಕರೆಂಟ್ ಹೋಗಲ್ವಲ್ಲ ಅಕ್ಕ? ಹಂಗಾರೆ ಕೂಗ್ತೀನಿ ಬುಡು.’

ತಕರಾರು ಬಂದದ್ದು ನಸೀಮಾ ಟೀಚರಿಂದಲೇ. ‘ತೋಬಾ ತೋಬಾ! ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮ್ಮ ಅಮ್ಮೀ ಹೇಳ್ತಿದ್ರು. ನೀನು ಮೈಕ್ ಹಾಕಿಸ್ತೀಯಾ ಬೇಟಿ?’

‘ದಾನ ಅಂದ್ಕೋಬೇಡಿ ಟೀಚರ್, ಮುಯ್ಯಿ ಅಂದ್ಕೊಳ್ಳಿ. ಇವತ್ತು ಅವರ ಮನೆಗೆ ಕುರ್ಚಿ, ನಾಳೆ ನಮ್ಮ ಮನೆಗೆ.’

ಟೀಚರ್ ಒಪ್ಪಿದರು, ಆದರೆ ಷರತ್ತು ಹಾಕಿದರು. ‘ಹೆಸರು ಕೂಗಲಿ. ಎಷ್ಟು ಅಂತ ಕೂಗಬಾರದು. ಹತ್ತು ರೂಪಾಯಿ ಕೊಟ್ಟೋರಿಗೂ, ಹತ್ತು ಸಾವಿರ ಕೊಟ್ಟೋರಿಗೂ ಒಂದೇ ಗಂಟಲು. ಹೆಸರು ಬೇಡ ಅಂದೋರಿಗೆ ಬಲವಂತ ಇಲ್ಲ.’

ಬಟನ್ ಮೇಲಿನ ‘ದಾನ ಮಾಡಿ’ ತೆಗೆದು ‘ಮುಯ್ಯಿ ಕೂಗಿಸಿ’ ಎಂದು ಹಾಕಿದೆ. ರಂಗಪ್ಪ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ. (ಫೋನಿನಲ್ಲೂ ‘ಹಲೋ, ಮೈಕ್ ಟೆಸ್ಟಿಂಗ್’ ಅನ್ನದೆ ಆತನಿಗೆ ಬಾಯಿ ಏಳುವುದಿಲ್ಲ.) ಮೊದಲ ಕೂಗು ಯಾರದು ಹೇಳಿ?

‘ಹುಲಿಕುಂಟೆಯ ಸಿದ್ದಲಿಂಗಪ್ಪನವರಿಂದ, ಅವರ ಧರ್ಮಪತ್ನಿಯವರ ಪೂರ್ಣ ಒಪ್ಪಿಗೆಯೊಂದಿಗೆ, ಗಾಲಿಕುರ್ಚಿಗೆ ಮುಯ್ಯೀ...!’

ಸಂಜೆ ಫೋನ್ ಬಂತು. ‘ಮುದ್ದೆ ಬಂತು ಕಣಮ್ಮ. ತುಪ್ಪಾನೂ ಹಾಕವ್ಳೆ!’

ಆಮೇಲೆ ತಡೆಯುವವರೇ ಇಲ್ಲ. ಆ ಕೂಗು ವಾಟ್ಸ್ಯಾಪ್ ಹತ್ತಿ ಊರೂರು ಸುತ್ತಿತು. ಕೊಳಾಲದ ಡೇರಿಗೆ ಹಾಲು ಹಾಕುವ ಹೆಂಗಸರು ಒಟ್ಟಾಗಿ ಬಂದು, ಪ್ರತಿಯೊಬ್ಬರ ಹೆಸರೂ ಬರಬೇಕು ಎಂದು ಹಟ ಹಿಡಿದು ಕೂಗಿಸಿದರು. ಶಿರಾದ ಸಾಹೇಬರೊಬ್ಬರು ಹೆಸರು ಬೇಡ ಅಂದರು. ‘ಹೆಸರು ಬೇಡ ಎಂದಂತಹ ಶಿರಾದ ಸಾಹೇಬರಿಂದ’ ಎಂದು ರಂಗಪ್ಪ ಕೂಗಿದ್ದೇ ತಡ, ಯಾರಿರಬಹುದು ಎಂದು ಪೇಟೆಯಲ್ಲೆಲ್ಲ ಅದೇ ಮಾತು. ಯಾರನ್ನು ಕೇಳಿದರೂ ‘ನಾನಲ್ಲಪ್ಪ’ ಎಂದು ಮೀಸೆಯಡಿ ನಗುತ್ತಾರೆ! ನನ್ನ ಓದುಗರೊಬ್ಬರು ಬರೆದರು: ‘ಮೇಡಂ, ಬಸ್ಸಾರಿಗಿಂತ ಕೂಗು ಚೆನ್ನಾಗಿದೆ.’ (ಇರಲಿ, ನೆನಪಿಟ್ಟುಕೊಂಡಿದ್ದೇನೆ.)

ಇದೆಲ್ಲ ಪ್ರಚಾರದ ಹುಚ್ಚು ಎಂದು ಮೂಗು ಮುರಿಯುವವರೂ ಇದ್ದಾರೆ. ಮುರಿಯಲಿ. ಗುಟ್ಟಾಗಿ ಕೊಡುವುದು ದೊಡ್ಡ ಗುಣವೇ. ಆದರೆ ಕೂಗಿಸಿ ಕೊಟ್ಟವರು ಆ ಕುರ್ಚಿಗೆ ನೆಂಟರಾಗಿಬಿಡುತ್ತಾರೆ. ಕುರ್ಚಿ ಯಾರ ಮನೆಗೆ ಹೋಯಿತು, ಅವರು ಎದ್ದು ಓಡಾಡುತ್ತಿದ್ದಾರಾ ಎಂದು ಸಿದ್ದಲಿಂಗಪ್ಪ ಈಗ ವಾರ ವಾರ ವಿಚಾರಿಸುತ್ತಾರೆ.

ಹೊಸ ಕುರ್ಚಿಗಳು ಬಂದವು. ಒಂದನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ನಾನೂ ಟೀಚರೂ ನರಸಮ್ಮನ ಊರಿಗೆ ಹೋದೆವು. ಮಗಳ ಜೊತೆ ಸೇರಿ ಅಜ್ಜಿಯನ್ನು ಎತ್ತಿ ಕೂರಿಸಿ, ಹೊಸಿಲು ದಾಟಿಸಿದೆವು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಜ್ಜಿ ಒಂದೊಂದೇ ಮೇಕೆಯನ್ನು ಹೆಸರು ಹಿಡಿದು ಕರೆಯಿತು. ಕಪ್ಪನೆಯದೊಂದು ಬಂದು ಮಡಿಲಿಗೆ ಮೂತಿ ಇಟ್ಟಿತು. ಟೀಚರ್ ಕನ್ನಡಕ ಒರೆಸಿಕೊಂಡರು. ನಾನಂತೂ ಖುಷಿಗೆ ಅತ್ತೇಬಿಟ್ಟೆ.

ಅಜ್ಜಿ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಮಡಚಿದ ನೋಟೊಂದನ್ನು ತೆಗೆದು ನನ್ನ ಕೈಗೆ ಒತ್ತಿತು.

‘ಅಯ್ಯೋ ಬೇಡ ಅಜ್ಜಿ, ಕುರ್ಚಿಗೆ ದುಡ್ಡು ತಗೊಳ್ಳಲ್ಲ.’

‘ಕುರ್ಚಿಗಲ್ಲ ಕಣಮ್ಮ! ನನ್ ಮಗಳು ಫೋನಾಗೆ ಎಲ್ಲಾರ್ ಪೇರೂ ಕೇಳ್ಸವ್ಳೆ. ನನ್ ಪೇರೂ ಕೂಗ್ಸು. ತಗಂಡೋಳು ಅಂತಲ್ಲ. ಮುಯ್ಯಿ ಹಾಕ್ದೋಳು ಅಂತ.’

ಮಾರನೆಯ ದಿನ ರಂಗಪ್ಪ ಕೂಗಿದ. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಉದ್ದವಾಗಿ, ಮೇಕೆಗಳನ್ನೂ ಸೇರಿಸಿ. ಒಂದೇ ಗಂಟಲು ಅಂತ ಷರತ್ತು ಹಾಕಿದ್ದ ಟೀಚರೇ ಇನ್ನೊಂದು ಸಲ ಹಾಕು ಅಂದರು.

ಅಂದ ಹಾಗೆ, ನಿಮ್ಮ ಹೆಸರು ಯಾವಾಗ ಕೂಗಿಸೋಣ?