ವರ್ಲನ್ ಹ್ಯಾಚರ್ ಏಳಕ್ಕೆ ಕಾದ ವರ್ಷಗಳು

ವರ್ಲನ್ ಹ್ಯಾಚರ್ ವಾರಕ್ಕೆ ಐದು ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮನೆಯಿಂದ ಹೊರಡುತ್ತಿದ್ದ. ಲಾಸ್ ವೇಗಸ್‌ನ ವೆಸ್ಟ್‌ಸೈಡಿನಲ್ಲಿ, ಕಪ್ಪು ಜನರ ಆ ಬಡಾವಣೆಯಲ್ಲಿ, ಆ ಹೊತ್ತಿಗೆ ಗಂಡಸರು ಮನೆಯಲ್ಲಿ ಇರುತ್ತಿರಲಿಲ್ಲ. ಹೋಟೆಲಿನ ಅಡುಗೆಮನೆಗೋ, ನೆಲ ಒರೆಸುವುದಕ್ಕೋ, ಸಿಮೆಂಟು ಕಲಸುವುದಕ್ಕೋ ಹೋಗಿ ಆಗಿರುತ್ತಿತ್ತು. ವರ್ಲನ್ ಮಾತ್ರ ರೈಲು ಹಳಿಯ ಕೆಳಗಿನ ದಾರಿ ದಾಟಿ, ಪೇಟೆಯ ಕಾಪರ್ ಲ್ಯಾಂಟರ್ನ್ ಎಂಬ ಕ್ಯಾಸಿನೊಗೆ ಹೋಗಿ, ಕ್ರ್ಯಾಪ್ಸ್ ಎಂಬ ದಾಳದಾಟದ ಮೇಜಿನ ಎಡತುದಿಯಲ್ಲಿ ನಿಲ್ಲುತ್ತಿದ್ದ. ಅದೇ ಅವನ ಉದ್ಯೋಗ.

ಹೊರಡುವಾಗ ಜಗಲಿಯಲ್ಲಿ ಬೀನ್ಸ್ ಬಿಡಿಸುತ್ತ ಕೂತ ಅತ್ತೆ ಐಡಾಬೆಲ್ ಒಂದು ಮಾತು ಆಡದೆ ಬಿಡುತ್ತಿರಲಿಲ್ಲ.

"ಏನಪ್ಪಾ ಅಳಿಯಂದಿರೇ, ಆಫೀಸಿಗೆ ಹೊರಟ್ರಾ?"

"ಹೌದು ಅತ್ತೆ."

"ಇವತ್ತು ಸಾಹೇಬ್ರು ಯಾರು? ಆರೋ, ಎಂಟೋ?"

"ಏಳು, ಅತ್ತೆ. ಯಾವತ್ತೂ ಏಳೇ."

"ಆಗ್ಲಿ. ಭಾನುವಾರ ಪ್ರಾರ್ಥನೇಲಿ ಅವರ ಹೆಸರೂ ಸೇರಿಸ್ತೀನಿ, ಆರೋಗ್ಯವಾಗಿರ್ಲಿ."

ಆಕೆ ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯಳು. ದಾಳ ಎನ್ನುವ ಪದವನ್ನೂ ಬಾಯಿಗೆ ತಂದುಕೊಳ್ಳುತ್ತಿರಲಿಲ್ಲ, 'ಅದು' ಎನ್ನುತ್ತಿದ್ದಳು.

ವರ್ಲನ್ ಹುಟ್ಟಿದ್ದು ಲೂಯಿಸಿಯಾನದ ಟಲ್ಲೂಲಾದಲ್ಲಿ. ಮರ ಕೊಯ್ಯುವ ಗಿರಣಿಯ ಹಿಂದೆ, ನೆಲಕ್ಕೆ ಹಾಸಿದ ಕಂಬಳಿಯ ಮೇಲೆ ದೊಡ್ಡವರು ಆಡುವುದನ್ನು ನೋಡಿ ಲೆಕ್ಕ ಕಲಿತವನು. ಶಾಲೆಯಲ್ಲಿ ಕಲಿತದ್ದು ಆಮೇಲೆ, ಅದೂ ಸ್ವಲ್ಪ. ಇಪ್ಪತ್ಮೂರನೆಯ ವಯಸ್ಸಿಗೆ ವೇಗಸ್‌ಗೆ ಬಂದ. ಊರಿಗೆ ಊರೇ ಆಗ ಹಾಗೆ ಬರುತ್ತಿತ್ತು. ದೊಡ್ಡ ಹೋಟೆಲೊಂದರಲ್ಲಿ ಪೊರಕೆ ಹಿಡಿಯುವ ಕೆಲಸ ಸಿಕ್ಕಿತು. ಆ ಕಾಲದಲ್ಲಿ ಕಪ್ಪು ಜನ ಕ್ಯಾಸಿನೊದ ನೆಲ ಗುಡಿಸಬಹುದಿತ್ತು, ಅದೇ ನೆಲದ ಮೇಲೆ ನಿಂತು ಆಡುವಂತಿರಲಿಲ್ಲ. ಹನ್ನೆರಡು ವರ್ಷ ಅವನು ಮೇಜುಗಳ ಕೆಳಗೆ ಬಿದ್ದ ಸಿಗರೇಟು ತುಂಡು ಬಾಚುತ್ತ, ಮೇಲೆ ಆಡುವವರ ತಪ್ಪುಗಳನ್ನು ಎಣಿಸುತ್ತ ಕಳೆದ. ಕ್ಯಾಸಿನೊಗಳ ಬಾಗಿಲು ಎಲ್ಲರಿಗೂ ತೆರೆದ ನಾಲ್ಕು ವರ್ಷಕ್ಕೆ, ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ, ಒಂದು ದಿನ ಮೇಲ್ವಿಚಾರಕನೊಬ್ಬ ಕಾರಣವಿಲ್ಲದೆ "ಏಯ್ ಹುಡುಗ" ಎಂದು ಬೆರಳು ಚಿಟಿಕೆ ಹೊಡೆದು ಕರೆದ. ವರ್ಲನ್‌ಗೆ ಮೂವತ್ತೈದು ವಯಸ್ಸು. ಪೊರಕೆಯನ್ನು ಗೋಡೆಗೆ ಒರಗಿಸಿ ಮನೆಗೆ ಬಂದ.

"ಇನ್ನು ಮೇಲೆ ನಾನು ಯಾರಿಗೂ ಸಾರ್ ಅನ್ನಲ್ಲ," ಎಂದು ಹೆಂಡತಿ ಓಝೆಲ್ಲಾಳಿಗೆ ಹೇಳಿದ.

ಓಝೆಲ್ಲಾ ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವವಳು. ದಿನಕ್ಕೆ ಹದಿನಾರು ಕೋಣೆ. ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಿದ್ದಳು. "ಅನ್ಬೇಡ," ಎಂದಳು. "ಮತ್ತೆ ಏನ್ಮಾಡ್ತೀಯ?"

ಅವನು ಮಾಡಿದ್ದು ಇದು. ಕ್ರ್ಯಾಪ್ಸ್ ಆಟದಲ್ಲಿ ಒಬ್ಬ ಎರಡು ದಾಳ ಎಸೆಯುತ್ತಾನೆ. ಮೊದಲ ಎಸೆತಕ್ಕೆ ಏಳೋ ಹನ್ನೊಂದೋ ಬಿದ್ದರೆ ಗೆದ್ದ. ಎರಡು, ಮೂರು, ಹನ್ನೆರಡು ಬಿದ್ದರೆ ಸೋತ. ಬೇರೆ ಯಾವ ಸಂಖ್ಯೆ ಬಿದ್ದರೂ ಅದು ಗುರಿಯಾಗುತ್ತದೆ. ಅಲ್ಲಿಂದ ಏಳು ಬೀಳುವ ಮೊದಲು ಆ ಗುರಿ ಮತ್ತೆ ಬೀಳಬೇಕು. ಮೇಜಿನ ಸುತ್ತಲಿನವರೆಲ್ಲ ಸಾಮಾನ್ಯವಾಗಿ ಎಸೆಯುವವನ ಪರವಾಗಿ ಪಣ ಹಾಕಿ ಒಟ್ಟಿಗೆ ಕೂಗುತ್ತಾರೆ. ವರ್ಲನ್ ಗುರಿಗಿಂತ ಮೊದಲು ಏಳು ಬೀಳಲಿ ಎಂದು ಎಸೆಯುವವನ ವಿರುದ್ಧ ಹಾಕುತ್ತಿದ್ದ. ಅದರಲ್ಲಿ ಕ್ಯಾಸಿನೊದ ಪಾಲು ಕೂದಲೆಳೆಯಷ್ಟು ಕಡಿಮೆ. ಆದರೆ ಹಾಗೆ ಆಡುವವನನ್ನು ಯಾರೂ ಇಷ್ಟಪಡುವುದಿಲ್ಲ. ಎಲ್ಲರೂ ಕುಣಿಯುವಾಗ ಅವನು ಸೋಲುತ್ತಿರುತ್ತಾನೆ, ಎಲ್ಲರ ಮುಖ ಬಾಡಿದಾಗ ಅವನ ಮುಂದೆ ಬಿಲ್ಲೆ, ಅಂದರೆ ಕ್ಯಾಸಿನೊದಲ್ಲಿ ಹಣದ ಬದಲು ನಡೆಯುವ ನಾಣ್ಯ, ಬರುತ್ತದೆ.

ಅವನಿಗೆ ಕಟ್ಟುನಿಟ್ಟು ಇತ್ತು. ಇಪ್ಪತ್ತು ಡಾಲರ್ ಮೇಲೆ ಬಂದರೆ ಮೇಜು ಬಿಟ್ಟು ಬರುತ್ತಿದ್ದ, ಇಪ್ಪತ್ತು ಹೋದರೂ ಬಿಟ್ಟು ಬರುತ್ತಿದ್ದ. ಕುಡಿಯುತ್ತಿರಲಿಲ್ಲ. ದಿನಾ ಬರುವ ಗಿರಾಕಿ ಎಂದು ಮೇಲ್ವಿಚಾರಕರು ಪುಕ್ಕಟೆ ಊಟದ ಚೀಟಿ ಕೊಡುತ್ತಿದ್ದರು. ಹುರಿದ ಮಾಂಸ, ಸೀಗಡಿ, ಪೀಚ್ ಹಣ್ಣಿನ ಪೈ ಕಾಗದದಲ್ಲಿ ಕಟ್ಟಿಸಿಕೊಂಡು ಮೂರು ಗಂಟೆಗೆ ಮನೆಗೆ ಬರುತ್ತಿದ್ದ. ಹೀಗೆ ಏಳು ವರ್ಷ. ಕ್ಷೌರದಂಗಡಿಯಲ್ಲಿ ಯಾರಾದರೂ ಕೇಳಿದರೆ, "ನಾನು ದಾಳದಲ್ಲಿ ಮನೆ ನಡೆಸ್ತೀನಿ," ಎಂದು ಹೇಳುತ್ತಿದ್ದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಒಮ್ಮೆಯೂ ಅನಿಸಿರಲಿಲ್ಲ.

ಎಪ್ಪತ್ತೊಂದರ ಬೇಸಿಗೆಯಲ್ಲಿ ಓಝೆಲ್ಲಾ ಒಗೆದ ಹಾಸಿಗೆಬಟ್ಟೆಯ ಗಾಡಿ ತಳ್ಳುವಾಗ ಒದ್ದೆ ನೆಲದ ಮೇಲೆ ಜಾರಿ ಬಿದ್ದಳು. ಸೊಂಟ ಹಿಡಿಯಿತು. ಆರು ತಿಂಗಳು ಭಾರ ಎತ್ತಬಾರದು, ಬಗ್ಗಬಾರದು ಎಂದರು ಡಾಕ್ಟರು. ಸಂಬಳ ನಿಂತಿತು, ಪರಿಹಾರವೆಂದು ಬಂದದ್ದು ಅರೆಹೊಟ್ಟೆಗೂ ಸಾಲದು.

"ಯೋಚನೆ ಮಾಡ್ಬೇಡ," ಎಂದ ವರ್ಲನ್. "ನಾನಿಲ್ವಾ?"

ಓಝೆಲ್ಲಾ ಮಂಚದ ಮೇಲೆ ಚಪ್ಪಟೆ ಮಲಗಿ ಸೂರು ನೋಡುತ್ತಿದ್ದಳು.

ಮೊದಲ ವಾರವೇ ಏನೋ ಬದಲಾದದ್ದು ಅವನಿಗೆ ಗೊತ್ತಾಯಿತು. ದಾಳ ಬದಲಾಗಿರಲಿಲ್ಲ, ಮೇಜು ಬದಲಾಗಿರಲಿಲ್ಲ. ಮೊದಲು ಇಪ್ಪತ್ತು ಹೋದರೆ ಬಿಟ್ಟು ಬರಬಹುದಿತ್ತು, ನಾಳೆ ಎನ್ನುವುದೊಂದಿತ್ತು. ಈಗ ಶುಕ್ರವಾರಕ್ಕೆ ಬಾಡಿಗೆ ಕೊಡಬೇಕು, ನಾಳೆಗೆ ಕಾಯುವಂತಿಲ್ಲ. ಇಪ್ಪತ್ತು ಹೋದ ಮೇಲೂ ನಿಂತ. ಐದರ ಜಾಗದಲ್ಲಿ ಹದಿನೈದು ಹಾಕಿದ. ಹನ್ನೆರಡು ವರ್ಷ ನೆಲ ಗುಡಿಸುತ್ತ ಯಾವ ತಪ್ಪುಗಳನ್ನು ನೋಡಿ ನಕ್ಕಿದ್ದನೋ ಅವನ್ನೆಲ್ಲ ಒಂದೊಂದಾಗಿ ತಾನೇ ಮಾಡಿದ. ಮಾಡುತ್ತಿದ್ದೇನೆ ಎಂದು ಗೊತ್ತಿದ್ದೂ ಮಾಡಿದ.

ಮೂರನೆಯ ವಾರದ ಒಂದು ಮಧ್ಯಾಹ್ನ, ಹುಲ್ಲಿನ ಟೋಪಿ ಹಾಕಿದ ಮುದುಕಿಯೊಬ್ಬಳು ಮೇಜಿಗೆ ಬಂದಳು. ನೆಬ್ರಾಸ್ಕಾದವಳು. ಬಸ್ಸಿನಲ್ಲಿ ಬಂದ ಪ್ರವಾಸಿ, ದಾಳ ಮುಟ್ಟಿದ್ದು ಅದೇ ಮೊದಲು. ಎರಡು ಕೈಯಲ್ಲೂ ಹಿಡಿದು, ಕೋಳಿಗೆ ಕಾಳು ಎರಚಿದ ಹಾಗೆ ಎಸೆಯುತ್ತಿದ್ದಳು. ಅಂಥವರ ಕೈಯಲ್ಲಿ ಏಳು ಬೇಗ ಬೀಳುತ್ತದೆ ಎಂದುಕೊಳ್ಳುವುದು ಮೂರ್ಖತನ, ದಾಳಕ್ಕೆ ಕೈ ಯಾರದೆಂದು ಗೊತ್ತಿಲ್ಲ. ಅದು ಗೊತ್ತಿದ್ದ ವರ್ಲನ್ ಕೂಡ ಅಂದು ಹಾಗೇ ಅಂದುಕೊಂಡ. ವಿರುದ್ಧ ಹಾಕಿದ.

ಮುದುಕಿ ನಲವತ್ತು ನಿಮಿಷ ಎಸೆದಳು. ಆರು, ಎಂಟು, ನಾಲ್ಕು, ಮತ್ತೆ ಎಂಟು. ಗುರಿ ಇಟ್ಟದ್ದೆಲ್ಲ ಬಿತ್ತು. ಜನ ಮೂರು ಸಾಲು ಸೇರಿದರು. ಗೊತ್ತಿಲ್ಲದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪಕ್ಕದವನೊಬ್ಬ ಅವಳಿಗೆ ಎಲ್ಲಿ ಎಷ್ಟು ಬಿಲ್ಲೆ ಇಡಬೇಕೆಂದು ಹೇಳಿಕೊಡುತ್ತಿದ್ದ. ಅವಳ ಕಣ್ಣು ಎಡತುದಿಗೆ ಬಿತ್ತು.

"ಏನಪ್ಪಾ, ನಿಮ್ಮ ಬಿಲ್ಲೆ ಮಾತ್ರ ಅಲ್ಲಿ ಯಾಕೆ ಒಂಟಿಯಾಗಿದೆ?"

"ಅವ್ನು ನಿಮ್ಮ ಸೋಲಿಗೆ ಕಾಯ್ತಿದಾನೆ ಅಮ್ಮ!" ಎಂದ ಯಾರೋ. ಎಲ್ಲರೂ ನಕ್ಕರು.

"ಅಯ್ಯೋ, ನಾನೇನು ಮಾಡ್ದೆ ಇವರಿಗೆ?" ಎಂದಳು ಅವಳು, ನಿಜವಾಗಿಯೂ ನೊಂದುಕೊಂಡು. "ಬನ್ನಿ, ಈ ಕಡೆ ಹಾಕಿ. ಇಲ್ಲಿ ಜಾಗ ಬೇಕಾದಷ್ಟಿದೆ."

"ಪರವಾಗಿಲ್ಲ ಅಮ್ಮ, ನೀವು ಎಸೀರಿ," ಎಂದ ವರ್ಲನ್. ಅವಳ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ. ಕೈಯಲ್ಲಿ ಉಳಿದದ್ದೆಲ್ಲ ಹಾಕಿದ್ದ. ಗುರಿ ಒಂಬತ್ತು.

ಒಂಬತ್ತೇ ಬಿತ್ತು.

ಅವನ ಬಿಲ್ಲೆಗಳನ್ನು ಬಾಚಿಕೊಂಡು ಹೋದರು. ಅವನು ಹೋಗದೆ ಅಲ್ಲೇ ನಿಂತು ನೋಡುತ್ತಿದ್ದ. ಮೇಜು ನಡೆಸುವ ಹೊಸ ಡೀಲರ್ ಹುರುಪಿನಲ್ಲಿ ಗೆದ್ದವರಿಗೆ ಹಣ ಕೊಡುತ್ತಿದ್ದ. ಮುದುಕಿಯ ಮುಂದೆ ಬಿಲ್ಲೆ ತಳ್ಳಿ ಮುಂದಕ್ಕೆ ಹೋದ.

"ಆ ಅಮ್ಮನಿಗೆ ಹನ್ನೆರಡು ಡಾಲರ್ ಕಮ್ಮಿ ಆಯ್ತು," ಎಂದ ವರ್ಲನ್.

ಮೇಜಿನ ನಡುವೆ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕಾಯುವ ಮೇಲ್ವಿಚಾರಕ ಮಾರ್ಟಿ ಕ್ರೂಪ್ನಿಕ್ ತಲೆ ಎತ್ತಿದ. "ಏನಂದ್ರಿ?"

"ಗುರಿ ಗೊತ್ತಾದ ಮೇಲೆ ಹಿಂದೆ ಹೆಚ್ಚಿಗೆ ಇಟ್ಟ ನಲವತ್ತಕ್ಕೆ ಎಂಟರ ಲೆಕ್ಕದಲ್ಲಿ, ಐದಕ್ಕೆ ಆರರಂತೆ ಕೊಟ್ಟ, ನಲವತ್ತೆಂಟು. ಬಿದ್ದಿದ್ದು ಒಂಬತ್ತು, ಎರಡಕ್ಕೆ ಮೂರು. ಅರವತ್ತು ಕೊಡ್ಬೇಕು."

ಕ್ರೂಪ್ನಿಕ್ ಬಿಲ್ಲೆಗಳನ್ನು ನೋಡಿದ. ಹನ್ನೆರಡು ಡಾಲರ್ ಕೊಡಿಸಿದ. ಮುದುಕಿ ಅಷ್ಟು ದೂರದಿಂದ ವರ್ಲನ್‌ಗೆ ಕೈ ಮಾಡಿ, "ನೋಡಿದ್ರಾ, ನೀವು ನನ್ನ ಕಡೆಯವರೇ!" ಎಂದಳು.

ವರ್ಲನ್ ಬಾಗಿಲ ಹತ್ತಿರ ಬರುವಷ್ಟರಲ್ಲಿ ಕ್ರೂಪ್ನಿಕ್ ಹಿಂದೆ ಬಂದ.

"ಏಳು ವರ್ಷದಿಂದ ನೋಡ್ತಿದೀನಿ ನಿಮ್ಮನ್ನ. ಕೋರ್ಟಿಂದ ಆದೇಶ ಬಂದಿದೆ, ಮೇಜಿನ ಕೆಲಸಕ್ಕೆ ಕಪ್ಪು ಜನರನ್ನೂ ತಗೋಬೇಕು ಅಂತ. ಮೇಲಿನವರು ಎಲ್ಲಿಂದ ತರೋಣ, ಹೇಗೆ ಕಲಿಸೋಣ ಅಂತ ತಲೆ ಕೆರ್ಕೊಳ್ತಿದಾರೆ. ನಿಮಗೆ ಕಲಿಸೋದೇನಿದೆ? ಸೋಮವಾರ ಬನ್ನಿ, ಕೈಕೆಲಸ ನೋಡ್ತೀನಿ."

"ಆ ಸಾರ್ ಗೀರ್ ಅನ್ನೋ ಕೆಲಸ ಬಿಟ್ಟು ಬಂದವನು ನಾನು."

"ನನಗೆ ಸಾರ್ ಅನ್ಬೇಡಿ. ಗಿರಾಕಿಗೆ ಅನ್ಬೇಕು, ನಾನೂ ಅಂತೀನಿ," ಎಂದು ಕ್ರೂಪ್ನಿಕ್ ಮೇಜಿಗೆ ಮರಳಿದ.

ಮನೆಗೆ ಬಂದಾಗ ಕೈ ಖಾಲಿ. ಅತ್ತೆ ಒಲೆಯ ಮುಂದಿದ್ದಳು, ಓಝೆಲ್ಲಾ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿದ, ಮುಚ್ಚಿಡಲಿಲ್ಲ. ಕ್ರೂಪ್ನಿಕ್ ಕರೆದದ್ದನ್ನು ಕೊನೆಗೆ, ಅವಮಾನದ ಸುದ್ದಿಯ ಹಾಗೆ ಹೇಳಿದ. "ಏಳು ವರ್ಷ ದಾಳದಲ್ಲಿ ಮನೆ ನಡೆಸಿದವನಿಗೆ ಡೀಲರ್ ಏಪ್ರನ್ ಕಟ್ಕೋ ಅಂತಾನೆ!"

"ವರ್ಲನ್," ಎಂದಳು ಓಝೆಲ್ಲಾ, "ಬೇಜಾರು ಮಾಡ್ಕೋಬೇಡ. ಮನೆ ನಡೆದಿದ್ದು ದಾಳದಿಂದ ಅಲ್ಲ."

"ನಾನು ಗೆದ್ದು ತಂದಿಲ್ವಾ?"

"ತಂದೆ. ಸೋಮವಾರ ತಂದಿದ್ದನ್ನ ಬುಧವಾರ ತಗೊಂಡು ಹೋದೆ. ನಾನು ಯಾವತ್ತಾದ್ರೂ ಬೇಡ ಅಂದಿದೀನಾ? ಬೇರೆಯವರ ಗಂಡಂದಿರು ಕುಡಿದು ಬರ್ತಿದ್ರು. ನೀನು ಬಟ್ಟೆ ಮಡಿಕೆ ಕೆಡದೆ ಹೋಗಿ ಬರ್ತಿದ್ದೆ. ಮುಖದಲ್ಲಿ ಕಳೆ ಇತ್ತು. ಪೊರಕೆ ಹಿಡಿದಾಗ ಇರ್ಲಿಲ್ಲ. ಅಷ್ಟಕ್ಕೇ ನಾನು ಸುಮ್ನಿದ್ದೆ. ಲೆಕ್ಕ ಹಾಕಿದ್ರೆ ಏಳು ವರ್ಷದಲ್ಲಿ ನೀನು ಗೆದ್ದಿದ್ದು ಆ ಪುಕ್ಕಟೆ ಊಟ ಕಣೋ."

ವರ್ಲನ್ ಕುರ್ಚಿಯಲ್ಲಿ ಕೂತ. ಆರಕ್ಕೆ ಎಷ್ಟು, ಒಂಬತ್ತಕ್ಕೆ ಎಷ್ಟು ಎಂದು ರೆಪ್ಪೆ ಬಡಿಯುವುದರೊಳಗೆ ಹೇಳುವವನು, ತನ್ನ ಮನೆಯ ಲೆಕ್ಕವನ್ನು ಏಳು ವರ್ಷ ಹಾಕಿರಲಿಲ್ಲ. ಹಾಕಬಾರದೆಂದೇ ಹಾಕಿರಲಿಲ್ಲವೇನೋ.

ಅತ್ತೆ ಈಗ ಏನಾದರೂ ಅನ್ನುತ್ತಾಳೆ ಎಂದು ಕಾದ. ಐಡಾಬೆಲ್ ಸೌಟು ಕೆಳಗಿಟ್ಟಳು.

"ಊಟ ಅಂದ್ರೆ ಕಮ್ಮಿ ಏನೇ?" ಎಂದು ಮಗಳ ಮೇಲೆ ಹಾರಿಬಿದ್ದಳು. "ನಿಮ್ಮಪ್ಪ ಹತ್ತಿ ಬಿಡಿಸಿ ಬಿಡಿಸಿ ಸತ್ತ, ಒಂದು ದಿನ ಸೀಗಡಿ ತಂದ್ನಾ? ಇವನು ತಂದ. ನಾನೂ ತಿಂದೆ. ಎಲ್ಲಿಂದ ಬಂತು ಅಂತ ಗೊತ್ತಿದ್ದೇ ತಿಂದೆ." ಆಮೇಲೆ ಅಳಿಯನ ಕಡೆ ತಿರುಗಿ, "ಸೋಮವಾರ ಎಷ್ಟು ಗಂಟೆಗೆ ಬಾ ಅಂದಿದಾನೆ ಅವನು?"

ಸೋಮವಾರ ಹೋದ. ಕೈ ಚುರುಕಾಗಿತ್ತು. ಬಿಲ್ಲೆಗಳನ್ನು ಒಂದೇ ಕೈಯಲ್ಲಿ ಎಣಿಸಿ ಸಮ ಗುಡ್ಡೆ ಮಾಡುವುದನ್ನು ಮಾತ್ರ ಎರಡು ವಾರ ಕಲಿಯಬೇಕಾಯಿತು. ಮೊದಲ ದಿನ ಅವನನ್ನು ಕೋಲು ಕೊಟ್ಟು ನಿಲ್ಲಿಸಿದರು. ಬಿದ್ದ ಸಂಖ್ಯೆ ಕೂಗಿ ಹೇಳಿ, ಉದ್ದ ಬಾಗಿದ ಕೋಲಿನಿಂದ ದಾಳವನ್ನು ಎಸೆಯುವವನ ಕಡೆಗೆ ತಳ್ಳುವ ಕೆಲಸ. ಟೆಕ್ಸಸ್‌ನ ಒಬ್ಬ ಅಗಲ ಟೋಪಿಯವನು, ಎಸೆಯುವ ಸರದಿ ಬಂದಾಗ, ವರ್ಲನ್‌ನ ಮುಖ ನೋಡಿ, "ಈ ದಾಳ ನಾನು ಮುಟ್ಟಲ್ಲ, ಬೇರೆಯವರನ್ನ ಕರೀರಿ," ಎಂದ. ಕ್ರೂಪ್ನಿಕ್ ಕೆಳಗೆ ನೋಡುತ್ತ ಬಿಲ್ಲೆ ಜೋಡಿಸುತ್ತಲೇ ಇದ್ದ, ಪರವೂ ಆಡಲಿಲ್ಲ, ವಿರುದ್ಧವೂ ಆಡಲಿಲ್ಲ. ವರ್ಲನ್ ಕೋಲಿನಿಂದ ದಾಳವನ್ನು ಮುಂದಿನವನಿಗೆ ತಳ್ಳಿ, "ಹೊಸ ಕೈ, ಸಾರ್. ಎಸೀರಿ," ಎಂದ. ಏಳು ವರ್ಷದ ಮೇಲೆ ಆ ಪದ ಬಾಯಿಂದ ಬಂತು. ನೋವಾಯಿತೇ ಎಂದು ಆಮೇಲೆ ಓಝೆಲ್ಲಾ ಕೇಳಿದಳು. "ಆಯ್ತು," ಎಂದ. "ಆದ್ರೆ ಆ ಟೋಪಿಯವನ ಕೈಯಿಂದ ದಾಳ ಹೋಯ್ತಲ್ಲ, ಅವನಿಗೂ ಆಗಿರ್ಬೇಕು." ಟೋಪಿಯವನು ಅಲ್ಲೇ ನಿಂತು ಆಡಿ, ಸೋತು ಹೋದ.

ಇಪ್ಪತ್ತೊಂದು ವರ್ಷ ವರ್ಲನ್ ಅದೇ ಮೇಜಿನ ಒಳಬದಿಯಲ್ಲಿ ನಿಂತ. ಓಝೆಲ್ಲಾ ಸೊಂಟ ಸರಿಹೋದ ಮೇಲೆ ಹೋಟೆಲಿನ ಬಟ್ಟೆ ವಿಭಾಗದ ಹಗುರ ಕೆಲಸಕ್ಕೆ ಸೇರಿ, ಕೊನೆಗೆ ಅಲ್ಲಿ ಮುಖ್ಯಸ್ಥೆಯಾದಳು. ವರ್ಲನ್ ಮತ್ತೆ ಯಾವತ್ತೂ ಆಡಲಿಲ್ಲ. ಆಡಬೇಕೆನಿಸುತ್ತಿತ್ತು ಎಂದು ಒಪ್ಪಿಕೊಳ್ಳುತ್ತಿದ್ದ, ಮುಖ್ಯವಾಗಿ ಬೆಳಿಗ್ಗೆ ಹತ್ತು ಗಂಟೆಗೆ. ಪೇಟೆಯಲ್ಲಿ ಯಾರಾದರೂ ಹೊಸಬರು ಬಂದು, ಕ್ರ್ಯಾಪ್ಸ್ ಆಡಿ ಬದುಕಬಹುದೇ ಎಂದು ಕೇಳಿದರೆ, ಮನೆಯಲ್ಲಿ ಯಾರು ದುಡಿಯುತ್ತಾರೆ ಎಂದು ಮೊದಲು ವಿಚಾರಿಸುತ್ತಿದ್ದ.

ಐಡಾಬೆಲ್‌ಗೆ ಎಂಬತ್ತು ತುಂಬಿದ ದಿನ ಆಕೆ ಚರ್ಚಿನ ನೇರಳೆ ಟೋಪಿ ಹಾಕಿಕೊಂಡು, ಮಗಳ ತೋಳು ಹಿಡಿದು, ಜೀವನದಲ್ಲೇ ಮೊದಲ ಸಲ ಕ್ಯಾಸಿನೊದೊಳಗೆ ಬಂದಳು. ದಾಳದ ಕಡೆ ನೋಡಲಿಲ್ಲ. ಅಳಿಯನನ್ನೇ ಅರ್ಧ ಗಂಟೆ ನೋಡಿದಳು. ಅವನು ಕೋಲು ಹಿಡಿದು ಸಂಖ್ಯೆ ಕೂಗುತ್ತಿದ್ದ. ಕೆಲಸದ ಮೇಲಿರುವಾಗ ಮನೆಯವರ ಹತ್ತಿರ ಮಾತಾಡುವಂತಿಲ್ಲ. ಕೊನೆಗೆ ಆಕೆ ಮೇಜಿನ ಅಂಚಿಗೆ ಬಂದು, ಕೂದಲು ಪೂರ್ತಿ ನರೆತ ಕ್ರೂಪ್ನಿಕ್‌ನನ್ನು ಕೈ ಬೀಸಿ ಕರೆದಳು.

"ಏನಪ್ಪಾ, ನಮ್ಮ ಹುಡುಗ ಕೆಲಸ ಚೆನ್ನಾಗಿ ಮಾಡ್ತಾನಾ?"

"ಅವರಷ್ಟು ಚೆನ್ನಾಗಿ ಮಾಡೋರು ಇಲ್ಲಿ ಯಾರೂ ಇಲ್ಲಮ್ಮ."

"ಹಾಗಾದ್ರೆ ನೀನೊಬ್ನೇ ಕೂತಿದೀಯಲ್ಲ. ಅವನಿಗೂ ಒಂದು ಕುರ್ಚಿ ಹಾಕ್ಸಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಗಬಾರದೆಂದು ತುಟಿ ಕಚ್ಚಿಕೊಂಡು ವರ್ಲನ್ ದಾಳ ಮುಂದಕ್ಕೆ ತಳ್ಳಿದ.