ಫ್ರೆಂಚ್ ಅಂಕಲ್ ಫೋನ್ ಮಾಡಿದ ದಿನ

ನಿನ್ನೆ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ನಮ್ಮ ಅಂಗಡಿಯಲ್ಲಿ ಕಾಫಿಪುಡಿಯ ಪೊಟ್ಟಣ ಒಡೆದು ಚಿಕೋರಿಯ ಘಮ ಹರಡಿತು. ಪಕ್ಕದ ಮನೆಯ ಫ್ರೆಂಚ್ ಅಂಕಲ್ ನೆನಪಾದರು. ಚಿಕೋರಿ ಕಾಫಿ ತಮ್ಮ ಅಜ್ಜಿಯ ಮನೆಯದು, ಅದರ ಮೇಲೆ ನಿಮಗೇನು ಹಕ್ಕು ಎಂದು ನನ್ನೊಡನೆ ಜಗಳ ಕಾಯುತ್ತಿದ್ದರು. ಜಗಳ ಮುಗಿಯುವಷ್ಟರಲ್ಲಿ ಎರಡು ಲೋಟ ಖಾಲಿ!

ಅವರು ಫ್ರಾನ್ಸ್ ಸರ್ಕಾರದ ರಾಜತಾಂತ್ರಿಕರಾಗಿದ್ದವರು. ದೇಶದಿಂದ ದೇಶಕ್ಕೆ ಗಂಟುಮೂಟೆ ಕಟ್ಟಿ, ಕೊನೆಗೆ ಹ್ಯೂಸ್ಟನ್‌ನಲ್ಲಿ ನಿವೃತ್ತರಾಗಿ, ಹೆಂಡತಿಗೆ ಹಿಡಿಸಿತೆಂದು ಇಲ್ಲೇ ಉಳಿದರು. ಆಕೆ ತೀರಿಕೊಂಡ ಮೇಲೆ ಒಬ್ಬರೇ. ಕಾದಾಡುವ ದೇಶಗಳ ನಡುವೆ ಕೂತು ಮಾತಾಡಿಸಿದ ಈ ಮನುಷ್ಯನ ಜೊತೆ ಸ್ವಂತ ಮಗಳೇ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾರಣ ಕೇಳಿ ನನಗೆ ಮೈಯೆಲ್ಲ ಉರಿಯಿತು. ಮಗಳ ಮದುವೆಯ ಹೊತ್ತಿಗೆ ಯಾವುದೋ ಸಂಧಾನ ನಡೆದಿತ್ತಂತೆ. ಇವರು ಮದುವೆಗೆ ತಮ್ಮ ಪರವಾಗಿ ಸಹೋದ್ಯೋಗಿಯೊಬ್ಬನನ್ನು ಕಳಿಸಿದರು. ಆತ ಹೂಗುಚ್ಛ ಕೊಟ್ಟು, ಇವರು ಬರೆದ ಭಾಷಣವನ್ನು ಮದುಮಗಳ ಮುಂದೆ ನಿಂತು ಓದಿದನಂತೆ!

"ಮಗಳ ಮದುವಿ ಅದು ಅಂಕಲ್, ಧ್ವಜವಂದನೆ ಅಲ್ರಿ!" ಎಂದು ಬೈದೆ. ಸಿಟ್ಟು ಬಂದರೆ ನನಗೆ ಹುಬ್ಬಳ್ಳಿ ಮಾತೇ ಬರುವುದು. ಅರ್ಥವಾಗದಿದ್ದರೂ ತಲೆ ತಗ್ಗಿಸಿದರು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮಗಳಿಗೆ ನಾನೇ ಫೋನ್ ಮಾಡಿ ನಿಮ್ಮ ಪರವಾಗಿ ಹೇಳುತ್ತೇನೆ ಅಂದೆ. ಎಡಗೈಯಿಂದ ಮೇಜು ಗುದ್ದಿದರು. "ನೋ!" ಲಕ್ವ ಹೊಡೆದ ಮೇಲೆ ನಾನು ಕೇಳಿದ ಮೊದಲ ಮಾತು ಅದು.

ಹಟ ಅಂದರೆ ಅದು ಹಟ. ಮಾತು ಕಲಿಸುವ ಥೆರಪಿಸ್ಟ್ ಹೋದ ಮೇಲೂ ಕನ್ನಡಿ ಮುಂದೆ ಕೂತು ಒಂದೇ ಫ್ರೆಂಚ್ ವಾಕ್ಯ... ಮತ್ತೆ ಅದೇ... ಜೊಲ್ಲು ಸುರಿದರೆ ಒರೆಸಿಕೊಂಡು ಮತ್ತೆ ಶುರು. "ಇವತ್ತಿಗೆ ಸಾಕ್ರಿ" ಅಂದರೆ ಕಣ್ಣು ಕೆಕ್ಕರಿಸುತ್ತಿದ್ದರು. ಕೇಳೀ ಕೇಳೀ ನನಗೂ ಬಾಯಿಪಾಠವಾಯಿತು. ಅರ್ಥವನ್ನು ಫೋನಿನಲ್ಲಿ ಹುಡುಕಿಕೊಂಡೆ. 'ನಾನು ಬರಬೇಕಿತ್ತು.'

ಒಂದು ಭಾನುವಾರ ನನ್ನಿಂದಲೇ ನಂಬರ್ ಒತ್ತಿಸಿದರು. ಆ ಕಡೆ ಮಗಳು 'ಅಲೋ' ಅಂದಳು. ಇವರ ಕುತ್ತಿಗೆಯ ನರ ಉಬ್ಬಿತು, ಸ್ವರ ಹೊರಡಲಿಲ್ಲ. ಎಲ್ಲಿ ನಾನೇ ಬಾಯಿ ಹಾಕಿಬಿಡುತ್ತೇನೋ ಎಂದು ದುಪಟ್ಟಾ ಕಚ್ಚಿ ಹಿಡಿದೆ. ಕೊನೆಗೂ ಹೇಳಿದರು, ಒಂದೊಂದೇ ಅಕ್ಷರ ಕಿತ್ತು ಕಿತ್ತು. ಆ ಕಡೆಯಿಂದ ಅವಳು ಫ್ರೆಂಚಿನಲ್ಲಿ ಏನೋ ಕೇಳಿದಳು. ಇವರು ಅದೇ ವಾಕ್ಯವನ್ನು ಇನ್ನಷ್ಟು ತೊದಲುತ್ತಾ ಹೇಳಿದರು. ಅವಳು ಮತ್ತೆ ಕೇಳಿದಳು. ಇವರು ಬೆವರು ಸುರಿಸುತ್ತಾ ಮತ್ತೆ ಹೇಳಿದರು. ಅಯ್ಯೋ, ಎಂಥಾ ಕಲ್ಲುಮನಸ್ಸಿನ ಮಗಳಪ್ಪಾ ಅನ್ನಿಸಿತು ನನಗೆ.

ಮುಂದಿನ ವಾರವೇ ಅವಳು ಬಂದಳು. ಕೊನೆಯವರೆಗೂ ಜೊತೆಗಿದ್ದಳು. ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ನನಗೆ ಜಗಳಕ್ಕೂ ಜನವಿಲ್ಲ.

ನಿನ್ನೆ ಚಿಕೋರಿ ಗುಡಿಸಿ ಹಾಕಿ ಅವಳಿಗೆ ಫೋನ್ ಮಾಡಿದೆ. ಆ ಭಾನುವಾರ ಅಪ್ಪನನ್ನು ನೀನು ಏನು ಕೇಳಿದ್ದೆ ಎಂದು ಕೊನೆಗೂ ಕೇಳಿಯೇಬಿಟ್ಟೆ.

"ಇನ್ನೊಂದು ಸಲ ಹೇಳಿ ಅಪ್ಪಾ, ಕೇಳಿಸಲಿಲ್ಲ ಅಂದೆ," ಅಂದಳು. ಆಮೇಲೆ, "ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು," ಅಂದಳು.